ಕಳ್ಳತನದ ಕಾಯಿದೆ ಬಿಗಿಯಾಗಲಿ
(ಗೂಳೂರಿನ ರೈತರ ಮುಂದೆ ಮಾಡಿದ ಭಾಷಣ)



ಬಲಿಪಾಡ್ಯಮಿಯಂದು ನಮ್ಮ ಗಣಪತಿ ಕುಳಿತನೆಂದರೆ, ಕೆರೆಗೆ ಬಿಡುವವರೆಗೂ ಊರಿನಲ್ಲಿ ಜನವೋ ಜನ. ವಿಸರ್ಜನೆಯ ರಾತ್ರಿ ನೀವೆಲ್ಲ ಮದ್ದು ನೋಡಲು ಹೊರಡುತ್ತೀರಿ, ಮನೆಗೆ ಬೀಗ ಬೀಳುತ್ತದೆ. ಕಳ್ಳನಿಗೂ ಅದೇ ಹಬ್ಬ. ಹಿಂದೆ ತಳವಾರ, ತೋಟಿಗಳು ಊರು ಕಾಯುತ್ತಿದ್ದರು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆಯಿಂದ ಆ ವಂಶಪಾರಂಪರ್ಯದ ಚಾಕರಿ ಹೋಯಿತು. ಹೋದದ್ದು ಒಳ್ಳೆಯದೇ ಆಯಿತು. ಆದರೆ ಕಾವಲಿನ ಜಾಗ ಬರಿದಾಗಿಯೇ ಉಳಿಯಿತು.

ಈಗ ಕಾಯಿದೆಯ ಮಾತು ಕೇಳಿ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ವಾಸದ ಮನೆಯಲ್ಲಾಗಲಿ, ಸರಕಿಟ್ಟ ಕಟ್ಟಡದಲ್ಲಾಗಲಿ ಕದ್ದರೆ 305ನೆಯ ಕಲಮಿನಂತೆ 7 ವರ್ಷದವರೆಗೆ ಸಜಾ. ಕದಿಯಲೆಂದೇ ರಾತ್ರಿ ಕನ್ನ ಹಾಕಿದವನಿಗೆ 14 ವರ್ಷದವರೆಗೂ ಆಗಬಹುದು. ಬೀಗದೊಳಗಿನ ಮಾಲಿಗೆ ಇದು ಬಿಗಿಯಾಗಿಯೇ ಇದೆ.

ಗೋಡೆಯ ಹೊರಗೆ ಬನ್ನಿ. ಬೋರ್‌ವೆಲ್ಲಿನ ಕೇಬಲ್ಲು, ಕಣದಲ್ಲಿ ಹರಡಿದ ಅಡಕೆ, ಮರದ ಮೇಲಿನ ಕಾಯಿ, ಇವು ಬರುವುದು 303ನೆಯ ಕಲಮಿಗೆ. ಇಲ್ಲಿ ಮಾಲಿನ ಬೆಲೆ 5,000 ರೂಪಾಯಿಗೆ ಕಡಿಮೆಯಿದ್ದು, ಮೊದಲ ಸಲ ಶಿಕ್ಷೆಗೊಳಗಾದವನು ಮಾಲನ್ನೋ ಬೆಲೆಯನ್ನೋ ಹಿಂದಿರುಗಿಸಿದರೆ, ಸಮುದಾಯ ಸೇವೆಯಷ್ಟೇ ಶಿಕ್ಷೆ. ಇಂಥ ಪ್ರಕರಣವನ್ನು ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ಪೊಲೀಸರು ತನಿಖೆ ಮಾಡುವಂತೆಯೂ ಇಲ್ಲ.

ಹಸಿದು ಬಾಳೆಗೊನೆಗೆ ಕೈಹಾಕಿದ ಹುಡುಗನಿಗೆ ಆ ದಯೆ ಇರಲಿ, ನನ್ನ ತಕರಾರಿಲ್ಲ. ಆದರೆ ಬೇಸಗೆಯಲ್ಲಿ ನಾಲ್ಕು ಸಾವಿರದ ಕೇಬಲ್ಲು ಕತ್ತರಿಸಿಕೊಂಡು ಹೋದರೆ, ನೀರಿಲ್ಲದೆ ಬಾಡುವ ಎಳೆ ಅಡಕೆ ಸಸಿಗಳ ಬೆಲೆಯೆಷ್ಟು? ಅದನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ಪಂಪುಸೆಟ್ಟು, ಕೇಬಲ್ಲು, ಕೊಯ್ದ ಬೆಳೆ, ಕಟ್ಟಿದ ದನ, ಇವುಗಳಿಗೆ ಆ ಐದು ಸಾವಿರದ ಗೆರೆ ಅನ್ವಯಿಸಬಾರದು. ಅಡಕೆ ಕಣವನ್ನೂ ಉಗ್ರಾಣದಂತೆಯೇ ಎಣಿಸಬೇಕು.

ಇನ್ನು ಕೊಳ್ಳುವವನು. ತಾಮ್ರದ ತಂತಿಯನ್ನು ಕಳ್ಳ ತಿನ್ನುವುದಿಲ್ಲವಷ್ಟೆ. ಕದ್ದ ಮಾಲೆಂದು ತಿಳಿದು ಕೊಂಡವನಿಗೂ 317ನೆಯ ಕಲಮಿನಲ್ಲಿ 3 ವರ್ಷದವರೆಗೆ ಸಜಾ ಉಂಟು. ಆದರೆ 'ನನಗೆ ತಿಳಿಯದು' ಎಂದುಬಿಟ್ಟರೆ ಸಾಬೀತು ಮಾಡುವುದು ಕಷ್ಟ. ಹಳೆಯ ತಾಮ್ರ ಕೊಳ್ಳುವ ಪ್ರತಿಯೊಬ್ಬನೂ ಮಾರಿದವನ ಹೆಸರು, ವಿಳಾಸ ಬರೆದಿಡಲೇಬೇಕು, ಇಲ್ಲದಿದ್ದರೆ ಅದೇ ತಪ್ಪಾಗಬೇಕು.

ಇದೆಲ್ಲ ದಿಲ್ಲಿಯ ಮಾತೆಂದು ಕೈಬಿಡಬೇಡಿ. ದಂಡ ಕಾಯಿದೆ ಸಮವರ್ತಿ ಪಟ್ಟಿಯಲ್ಲಿದೆ. ರಾಷ್ಟ್ರಪತಿಗಳ ಒಪ್ಪಿಗೆ ಪಡೆದು ನಮ್ಮ ವಿಧಾನಸಭೆಯೂ ತಿದ್ದಬಹುದು. ಮುಂದಿನ ಗ್ರಾಮಸಭೆಯಲ್ಲಿ ಠರಾವು ಮಾಡಿ ಶಾಸಕರಿಗೆ ಕಳಿಸಿರಿ. ಅಲ್ಲಿಯವರೆಗೆ ಕಳವಾದರೆ, ಹೋದದ್ದು ಚಿಕ್ಕದೆಂದು ಸುಮ್ಮನಿರದೆ ಠಾಣೆಯಲ್ಲಿ ದೂರು ಕೊಡಿ. ಎಫ್.ಐ.ಆರ್. ದಾಖಲಾದರೆ ಅದರ ನಕಲನ್ನು ನಿಮಗೆ ಪುಕ್ಕಟೆಯಾಗಿ ಕೊಡಬೇಕು, ಕೇಳಿ ಪಡೆಯಿರಿ. ಪಂಪಿನ ನಂಬರನ್ನು ಇಂದೇ ಗೋಡೆಯ ಪಂಚಾಂಗದ ಮೂಲೆಯಲ್ಲಿ ಬರೆದಿಟ್ಟುಕೊಳ್ಳಿ.