ಬೋರ್‌ವೆಲ್ ನೀರು ಬಲ್ಲವರು ಆಫ್ರಿಕಾಕ್ಕೆ ಹೋದರೆ

ಬೆಂಗಳೂರಲ್ಲೋ ಹುಬ್ಬಳ್ಳಿಯಲ್ಲೋ ಏಳೆಂಟು ವರ್ಷ ದುಡಿದ ನಮ್ಮ ಕಡೆಯ ಹುಡುಗ ಹುಡುಗಿಯರು, ಒಂದು ವರ್ಷ ಕೆಲಸ ಬಿಟ್ಟು ಆಫ್ರಿಕಾದ ಹಳ್ಳಿಗಳಲ್ಲಿ ಸೇವೆ ಮಾಡಿಬರಬೇಕು ಅನ್ನುವುದುಂಟು. ಒಳ್ಳೆಯ ಆಸೆ. ಆದರೆ ಅಲ್ಲಿ ಹೋಗಿ ಮಾಡುವುದೇನು?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯವರಿಗೆ ಆಫ್ರಿಕಾ ತೀರಾ ಹೊರಗಿನದಲ್ಲ. ನಮ್ಮ ರೊಟ್ಟಿಯ ಜೋಳ, ಮುದ್ದೆಯ ರಾಗಿ, ಸಾರಿನ ಹುಣಸೆ, ಮೂರರ ತವರೂ ಆ ಖಂಡವೇ. ಅಲ್ಲಿನ ರೈತರು ಸಾವಿರಾರು ವರ್ಷ ಹಿಂದೆ ಆರಿಸಿ ಬೆಳೆಸಿದ ಕಾಳು ನಮ್ಮ ಮಸಾರಿ, ಎರೆ ಹೊಲಗಳಿಗೆ ಒಗ್ಗಿತು. ದಾನ ಕೊಡಲು ಹೋಗುತ್ತಿದ್ದೇನೆ ಅನ್ನುವವರು ಇದನ್ನು ಮೊದಲು ನೆನೆಯಬೇಕು.

ಇದಕ್ಕಿಂತ ಹತ್ತಿರದ ನಂಟು ನೀರಿನದು. ಕೂಡ್ಲಿಗಿ ಸೀಮೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಮಕ್ಕಳ ಹಲ್ಲು ಕಂದುಗಟ್ಟುವುದು, ಹಿರಿಯರ ಮಂಡಿ, ಬೆನ್ನು ಬಿಗಿದುಕೊಳ್ಳುವುದು ಇದರಿಂದಲೇ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ನಮ್ಮಲ್ಲಿ ಗ್ರಾನೈಟ್ ಕಲ್ಲಿನಿಂದ ಬರುವ ಫ್ಲೋರೈಡ್, ಇಥಿಯೋಪಿಯಾ, ಕೀನ್ಯಾ, ತಾಂಜಾನಿಯಾಗಳ ಮಹಾಬಿರುಕು ಕಣಿವೆಯಲ್ಲಿ ಜ್ವಾಲಾಮುಖಿ ಕಲ್ಲಿನಿಂದ ಬರುತ್ತದೆ. ಕಲ್ಲು ಬೇರೆಯಾದರೂ ನೋವು ಒಂದೇ.

ಇದಕ್ಕೊಂದು ಉಪಾಯ ಭಾರತದಿಂದಲೇ ಅಲ್ಲಿಗೆ ಹೋಗಿದೆ. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ 1970ರ ದಶಕದಲ್ಲಿ ರೂಪಿಸಿದ ವಿಧಾನ ಅದು. ಈಗ ತೆಲಂಗಾಣದಲ್ಲಿರುವ ನಲ್ಗೊಂಡದ ಹೆಸರೇ ಅದಕ್ಕಿದೆ. ನೀರಿಗೆ ಆಲಂ, ಸುಣ್ಣ ಹಾಕಿ ಕಲಕಿ ಬಿಟ್ಟರೆ ಫ್ಲೋರೈಡ್ ಗಸಿಯ ಜೊತೆ ತಳಕ್ಕೆ ಕೂರುತ್ತದೆ. ಮೇಲಿನ ನೀರನ್ನು ಬಸಿದುಕೊಳ್ಳುವುದು. 1990ರ ದಶಕದಲ್ಲಿ ತಾಂಜಾನಿಯಾದ ಅರುಷಾ ಬಳಿಯ ನ್ಗುರ್ಡೋಟೊದಲ್ಲಿ ಇದನ್ನು ಎರಡು ಬಕೆಟ್‌ಗಳಲ್ಲಿ ಮನೆಯಲ್ಲೇ ಮಾಡುವಂತೆ ಅಳವಡಿಸಿದರು. ಇಥಿಯೋಪಿಯಾದಲ್ಲಿ ಊರಿಗೊಂದರಂತೆ ಘಟಕಗಳೂ ಬಂದವು.

ತೊಡಕಿದ್ದದ್ದು ದಿನನಿತ್ಯದ ದುಡಿಮೆಯಲ್ಲಿ. ಆಲಂ ಪ್ರತಿದಿನ ಅಳತೆಗೆ ಸರಿಯಾಗಿ ಬೀಳಬೇಕು, ತೀರಿದಾಗ ತರಿಸಬೇಕು, ಗಸಿಯನ್ನು ಜೋಪಾನವಾಗಿ ವಿಲೇವಾರಿ ಮಾಡಬೇಕು. ನಮ್ಮೂರ ಶುದ್ಧ ನೀರಿನ ಘಟಕದ ಕಥೆ ಬಲ್ಲವರಿಗೆ ಇದು ಬಿಡಿಸಿ ಹೇಳಬೇಕಾದ್ದಲ್ಲ. ಬೀಗದ ಕೈ ಯಾರ ಹತ್ತಿರ, ಮೋಟಾರು ಸುಟ್ಟರೆ ಹಣ ಎಲ್ಲಿಂದ, ಫಿಲ್ಟರ್ ಯಾವಾಗ ಬದಲಿಸಬೇಕು ಎಂಬುದೆಲ್ಲ ಪಂಚಾಯ್ತಿ ಕಟ್ಟೆಯ ಮೇಲೆ ಜಗಳವಾಡಿಯೇ ನಾವು ಕಲಿತ ವಿದ್ಯೆ. ಅಲ್ಲಿಗೆ ಹೋಗುವವರು ಹೊತ್ತೊಯ್ಯಬೇಕಾದ್ದು ಈ ವಿದ್ಯೆಯನ್ನು.

ಆದ್ದರಿಂದ ಎರಡು ವಾರಕ್ಕೆ ದುಡ್ಡು ಕಟ್ಟಿಸಿಕೊಂಡು ಅನಾಥಾಲಯದ ಮಕ್ಕಳ ಜೊತೆ ಆಡಿಸಿ ಕಳಿಸುವ ಪ್ರವಾಸಗಳಿಗೆ ಹೋಗಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಬಂದವರೆಲ್ಲ ಎದೆಗಪ್ಪಿ ಬಿಟ್ಟುಹೋದರೆ ಆ ಮಗುವಿನ ಗತಿಯೇನು? ಕೀನ್ಯಾ ಸರಕಾರ 2017ರಲ್ಲಿ ಹೊಸ ಮಕ್ಕಳ ಮನೆಗಳ ನೋಂದಣಿಯನ್ನೇ ನಿಲ್ಲಿಸಿತು.

ಕಸುಬು ತಿಳಿದವರಿಗೆ ಬೇರೆ ದಾರಿಗಳಿವೆ. 1970ರಲ್ಲಿ ಹುಟ್ಟಿದ, ಜರ್ಮನಿಯ ಬಾನ್ ನಗರದಲ್ಲಿ ಕೇಂದ್ರ ಕಚೇರಿಯಿರುವ ವಿಶ್ವಸಂಸ್ಥೆಯ ಸ್ವಯಂಸೇವಕರ ವಿಭಾಗ, ಅನುಭವ ಇರುವವರನ್ನು ತಿಂಗಳುಗಟ್ಟಲೆ ನೇಮಿಸಿಕೊಂಡು ಜೀವನಭತ್ಯೆ ಕೊಡುತ್ತದೆ. ವೈದ್ಯರು, ನರ್ಸುಗಳಲ್ಲದೆ ನೀರು ನೈರ್ಮಲ್ಯದ ಕೆಲಸ ಬಲ್ಲವರಿಗೂ 1971ರಲ್ಲಿ ಆರಂಭವಾದ ಗಡಿರಹಿತ ವೈದ್ಯರ ಸಂಸ್ಥೆಯಲ್ಲಿ ಜಾಗವಿದೆ.

ಇನ್ನೊಂದು ಮಾತು ಮರೆಯಬೇಡಿ. ಇಥಿಯೋಪಿಯಾ, ಕೀನ್ಯಾಗಳಿಗೆ ಹೊರಡುವುದಕ್ಕೆ ಕನಿಷ್ಠ ಹತ್ತು ದಿನ ಮೊದಲೇ ಅಧಿಕೃತ ಕೇಂದ್ರದಲ್ಲಿ ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡು ಪ್ರಮಾಣಪತ್ರ ಇಟ್ಟುಕೊಳ್ಳಬೇಕು. ಅದಿಲ್ಲದೆ ಮರಳಿ ಬಂದರೆ ವಿಮಾನ ನಿಲ್ದಾಣದಿಂದಲೇ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಮಲೇರಿಯಾ ಮಾತ್ರೆಯ ಬಗ್ಗೆಯೂ ಲಸಿಕೆ ಕೇಂದ್ರದಲ್ಲೇ ವೈದ್ಯರನ್ನು ಕೇಳಿಕೊಳ್ಳಿ.