ಯುದ್ಧದ ಕ್ರೌರ್ಯ ಮತ್ತು ಕಾವ್ಯದ ನೀತಿ



ಕಮಲನಗರದ ನಮ್ಮ ಮಕ್ಕಳು ಕನ್ನಡ, ಉರ್ದು, ಮರಾಠಿ ಮೂರನ್ನೂ ಕೇಳುತ್ತಾ ಬೆಳೆಯುತ್ತಾರೆ. ಇವುಗಳಲ್ಲಿ ಎರಡು ಭಾಷೆಗಳನ್ನು ಕಲಿಸುವ ನನಗೆ ಎರಡರ ಯುದ್ಧಕಾವ್ಯದಲ್ಲೂ ಒಂದೇ ಪ್ರಶ್ನೆ ಎದುರಾಗುತ್ತದೆ: ಶತ್ರುವೂ ಮನುಷ್ಯನೇ ಎಂಬುದನ್ನು ಯುದ್ಧದ ನಡುವೆ ನೆನಪಿಡುವುದು ಹೇಗೆ?

ಹತ್ತನೆಯ ಶತಮಾನದ ಕವಿ ರನ್ನ ಚಾಲುಕ್ಯರ ಆಸ್ಥಾನದವನು. ಅದೇ ಅರಸು ಮನೆತನ ಮುಂದೆ ನಮ್ಮ ಜಿಲ್ಲೆಯ ಕಲ್ಯಾಣವನ್ನು ರಾಜಧಾನಿ ಮಾಡಿಕೊಂಡಿತು. ರನ್ನನ ‘ಗದಾಯುದ್ಧ’ದಲ್ಲಿ ದುರ್ಯೋಧನ ಹೆಣಗಳನ್ನು ದಾಟುತ್ತಾ ರಣರಂಗದಲ್ಲಿ ನಡೆಯುತ್ತಾನೆ. ಅಲ್ಲಿ ಅಭಿಮನ್ಯುವಿನ ಶವ ಕಾಣುತ್ತದೆ. ಆ ಹುಡುಗನನ್ನು ಸುತ್ತುವರಿದು ಕೊಂದವರು ದುರ್ಯೋಧನನ ಕಡೆಯವರೇ. ತನ್ನ ಮಗ ಲಕ್ಷಣಕುಮಾರನನ್ನೂ ಅದೇ ಯುದ್ಧದಲ್ಲಿ ಕಳೆದುಕೊಂಡ ಆ ತಂದೆ, ಶತ್ರುವಿನ ಮಗನ ಶೌರ್ಯಕ್ಕೆ ತಲೆಬಾಗುತ್ತಾನೆ. ತನಗೂ ಅಂಥ ಮರಣ ಬರಲಿ ಎನ್ನುತ್ತಾನೆ.

ಉರ್ದುವಿನ ಮೀರ್ ಅನೀಸ್ (1803–1874) ಕರ್ಬಲಾದ ಬಗ್ಗೆ ಮರ್ಸಿಯಾಗಳನ್ನು ಬರೆದರು. ಕ್ರಿ.ಶ. 680ರಲ್ಲಿ ಯಜೀದನ ಸೈನ್ಯ ಇಮಾಮ್ ಹುಸೇನರ ಶಿಬಿರದ ಮಕ್ಕಳಿಗೂ ಫುರಾತ್ ನದಿಯ ನೀರು ಸಿಗದಂತೆ ತಡೆಯಿತು. ಅದಕ್ಕೂ ಮುನ್ನ ದಾರಿ ಅಡ್ಡಗಟ್ಟಲು ಬಂದಿದ್ದ ಹುರ್‌ನ ಬಾಯಾರಿದ ಸೈನಿಕರಿಗೆ, ಅವರ ಕುದುರೆಗಳಿಗೂ ಸಹ, ಇಮಾಮರೇ ನೀರು ಕೊಡಿಸಿದ್ದರು. ಕೊನೆಗೆ ಆ ಹುರ್ ಅಧಿಕಾರ ಬಿಟ್ಟು ಇಮಾಮರ ಕಡೆಗೆ ಬಂದು ಪ್ರಾಣ ಕೊಟ್ಟ. ಎದುರು ಪಾಳಯದಿಂದ ಬಂದ ಇವನಿಗೂ ಅನೀಸರ ಮರ್ಸಿಯಾದಲ್ಲಿ ಗೌರವದ ಸ್ಥಾನವಿದೆ. ಹುಕುಮಿಗೆ ಒಳಪಟ್ಟ ಸೈನಿಕನಿಗೂ ಆತ್ಮಸಾಕ್ಷಿ ಇರುತ್ತದೆ ಎಂಬುದೇ ಇದರ ಪಾಠ.

ಇವು ಹಳೆಯ ಕಥೆಗಳು ಎಂದು ತಿಳಿಯಬೇಡಿ. 1948ರ ಮೇ ತಿಂಗಳಲ್ಲಿ ನಮ್ಮ ಬೀದರ್ ಜಿಲ್ಲೆಯ ಗೋರ್ಟಾ ಗ್ರಾಮದಲ್ಲಿ ರಜಾಕಾರರು ಹಿಂದೂಗಳ ಹತ್ಯಾಕಾಂಡ ನಡೆಸಿದರು. ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಹಿಂದೆಯೇ ನಿರಪರಾಧಿ ಮುಸ್ಲಿಮರ ಹತ್ಯೆ ನಡೆಯಿತು. ಕೇಂದ್ರ ಸರ್ಕಾರ ಕಳುಹಿಸಿದ ಪಂಡಿತ್ ಸುಂದರಲಾಲ್ ಸಮಿತಿ, ಇಡೀ ಹೈದರಾಬಾದ್ ಸಂಸ್ಥಾನದಲ್ಲಿ ಸತ್ತವರು 27 ಸಾವಿರದಿಂದ 40 ಸಾವಿರ ಎಂದು ಅಂದಾಜಿಸಿತು. ಅತಿ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳಲ್ಲಿ ಬೀದರ್ ಒಂದು. ಪ್ರಾಣ ಕೊಟ್ಟು ಮುಸ್ಲಿಂ ನೆರೆಯವರನ್ನು ಕಾಪಾಡಿದ ಹಿಂದೂಗಳಿದ್ದರು, ಹಿಂದೂ ನೇಕಾರರು ಮುಸ್ಲಿಂ ನೇಕಾರರಿಗೆ ರಕ್ಷಣೆಯಾಗಿ ನಿಂತಿದ್ದರು ಎಂಬುದನ್ನೂ ಅದೇ ವರದಿ ದಾಖಲಿಸಿದೆ.

ಇಂದು ಒಂದು ಮನೆಯಲ್ಲಿ ಗೋರ್ಟಾದ ನೆನಪು ಮಾತ್ರ, ಇನ್ನೊಂದು ಮನೆಯಲ್ಲಿ ಸೆಪ್ಟೆಂಬರಿನ ನೆನಪು ಮಾತ್ರ ಉಳಿದರೆ ನಾವು ರನ್ನನನ್ನೂ ಅನೀಸರನ್ನೂ ಪರೀಕ್ಷೆಗಾಗಿ ಮಾತ್ರ ಓದಿದಂತಾಗುತ್ತದೆ.

ವಿದ್ಯಾರ್ಥಿಗಳೇ, ಆ ಕಾಲ ಕಂಡ ಹಿರಿಯರು ಈಗ ಕೆಲವರೇ ಇದ್ದಾರೆ. ಯಾರು ಯಾರನ್ನು ಕೊಂದರು ಎಂದು ಅವರಿಂದ ಕೇಳುವಾಗ, ಯಾರು ಯಾರನ್ನು ಮನೆಯೊಳಗೆ ಬಚ್ಚಿಟ್ಟು ಉಳಿಸಿದರು ಎಂದೂ ಕೇಳಿರಿ. ಕನ್ನಡದಲ್ಲೋ ಉರ್ದುವಿನಲ್ಲೋ ಅದನ್ನು ಬರೆದಿಡಿರಿ. ನಿಮ್ಮ ಸಮಾಜದವರಲ್ಲದವರ ದುಃಖಕ್ಕೂ ಅದರಲ್ಲಿ ಜಾಗವಿರಲಿ.