ರಾಜನ ಹೆಸರಲ್ಲಿ ನ್ಯಾಯ: ಬ್ರಿಟನ್ನಿನ ಕೋರ್ಟುಗಳು ಯಾರ ಮಾತು ಕೇಳ್ತವೆ?



2022ರ ಸೆಪ್ಟೆಂಬರ್ 8ರಂದು ರಾಣಿ ಎರಡನೇ ಎಲಿಜಬೆತ್ ತೀರಿಕೊಂಡ್ರು. ಅದೇ ಹೊತ್ತಿಗೆ ಇಂಗ್ಲೆಂಡಿನ ಕೋರ್ಟುಗಳಲ್ಲಿ ಬೋರ್ಡುಗಳೆಲ್ಲ ಬದಲಾದ್ವು. 'ಕ್ವೀನ್ಸ್ ಕೌನ್ಸೆಲ್' ಆಗಿದ್ದ ಹಿರಿಯ ವಕೀಲರು 'ಕಿಂಗ್ಸ್ ಕೌನ್ಸೆಲ್' ಆದ್ರು. ಹೈಕೋರ್ಟಿನ ಕ್ವೀನ್ಸ್ ಬೆಂಚ್ ವಿಭಾಗ ಕಿಂಗ್ಸ್ ಬೆಂಚ್ ಆಯ್ತು. ಅಲ್ಲಿ ಕ್ರಿಮಿನಲ್ ಕೇಸ್ ನಡೆಯೋದೇ ರಾಜನ ಹೆಸರಲ್ಲಿ. ರಾಣಿ ಇದ್ದಾಗ 'ರೆಜಿನಾ', ರಾಜ ಬಂದಾಗ 'ರೆಕ್ಸ್', ಎರಡೂ ಲ್ಯಾಟಿನ್. ಪುಣ್ಯಕ್ಕೆ ಎರಡರ ಮೊದಲಕ್ಷರವೂ ಒಂದೇ, ಹಾಗಾಗಿ ಫೈಲಿನ ಮೇಲಿದ್ದ 'ಆರ್' ಹಾಗೇ ಉಳೀತು.

ಇಷ್ಟೆಲ್ಲ ಹೆಸರು ಬಂತು ಹೊಸ ರಾಜರಿಗೆ. ಒಂದೇ ಒಂದು ಕೇಸನ್ನು ಹೇಗೆ ತೀರ್ಮಾನಿಸಬೇಕು ಅಂತ ಹೇಳುವ ಅಧಿಕಾರ ಮಾತ್ರ ಬರಲಿಲ್ಲ. ಜಡ್ಜುಗಳು ಪ್ರಮಾಣ ಮಾಡೋದು ರಾಜನಿಗೆ, ನೇಮಕದ ಪತ್ರ ರಾಜನದು, ಕೋರ್ಟಿನ ಗೋಡೆ ಮೇಲಿನ ಲಾಂಛನ ರಾಜನದು. ಹಾಗಾದ್ರೆ ಕೋರ್ಟು ನಿಜಕ್ಕೂ ಯಾರ ಕೈಲಿದೆ? ಇವತ್ತು ಮಾತಾಡೋದು ಇದರ ಬಗ್ಗೆ.

ನಾನು ವಕೀಲ ಅಲ್ಲ. ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸ, ಇಂಗ್ಲೆಂಡಿನ ಕ್ಲೈಂಟ್‌ಗಳ ಜೊತೆ ಸುಮಾರು ವರ್ಷಗಳ ಒಡನಾಟ. ಕ್ಲೈಂಟ್ ಕಡೆಯ ಒಬ್ಬರು ಮ್ಯಾನೇಜರ್ ಮೇಡಂ ತಮ್ಮ ಕ್ಯಾಲೆಂಡರಿನಲ್ಲಿ ತಿಂಗಳಿಗೊಂದು ದಿನ 'ಕೋರ್ಟ್' ಅಂತ ಬ್ಲಾಕ್ ಮಾಡ್ತಿದ್ರು. ಪಾಪ, ಯಾವುದೋ ಆಸ್ತಿ ವ್ಯಾಜ್ಯ ಇರಬೇಕು ಅಂತ ನಾವು ಯಾರೂ ಕೇಳಲಿಲ್ಲ. ಕೊನೆಗೊಂದು ದಿನ ಅವರೇ ಹೇಳಿದ್ರು: "ನಾನು ಅಲ್ಲಿ ಮ್ಯಾಜಿಸ್ಟ್ರೇಟ್." ಓದಿದ್ದು ಅಕೌಂಟ್ಸ್, ಕಾನೂನು ಡಿಗ್ರಿ ಇಲ್ಲ, ಆ ಕೆಲಸಕ್ಕೆ ಸಂಬಳವೂ ಇಲ್ಲ!

ಇದು ಅಲ್ಲಿ ವಿಶೇಷವೇನಲ್ಲ. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಶೇಕಡಾ 90ಕ್ಕಿಂತ ಹೆಚ್ಚು ಕ್ರಿಮಿನಲ್ ಕೇಸುಗಳು ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲೇ ಮುಗಿಯುತ್ತವೆ. ಅಲ್ಲಿ ಕೂರುವವರಲ್ಲಿ ಬಹುಪಾಲು ಇಂಥ ಸಾಮಾನ್ಯ ಜನ. ಟೀಚರು, ನರ್ಸು, ಅಂಗಡಿ ನಡೆಸುವವರು. ಸಾಮಾನ್ಯವಾಗಿ ಮೂವರು ಒಟ್ಟಿಗೆ ಕೂರ್ತಾರೆ, ಕಾನೂನಿನ ವಿಷಯ ಹೇಳಿಕೊಡೋಕೆ ಪಕ್ಕದಲ್ಲಿ ತರಬೇತಾದ ಸಲಹೆಗಾರರು ಇರ್ತಾರೆ. ವರ್ಷಕ್ಕೆ ಕನಿಷ್ಠ 13 ದಿನ ಕೂರಬೇಕು, ಕಂಪನಿಯವರು ಬಿಡುವು ಕೊಡಲೇಬೇಕು ಅಂತ ಕಾನೂನೇ ಇದೆ. ಈ ಪದ್ಧತಿಯ ಬೇರು 1361ರ ಒಂದು ಶಾಸನದಲ್ಲಿದೆ. ರಾಜನ ಶಾಂತಿ ಕಾಯೋಕೆ ಊರಿನ ಗಣ್ಯರನ್ನು ನೇಮಿಸಿದ್ದು ಆಗ. ನಮ್ಮಲ್ಲೂ ಬ್ರಿಟಿಷರ ಕಾಲದಲ್ಲಿ ಆನರರಿ ಮ್ಯಾಜಿಸ್ಟ್ರೇಟ್ ಅಂತ ಇದ್ರಲ್ಲ, ಅದೇ ಗಿಡದ ಸಸಿ.

ಅದರ ಮೇಲೆ ಕ್ರೌನ್ ಕೋರ್ಟ್. ಗಂಭೀರ ಅಪರಾಧಗಳು ಅಲ್ಲಿಗೆ ಬರ್ತವೆ, ತಪ್ಪಿತಸ್ಥರೋ ಅಲ್ಲವೋ ಅಂತ ಹೇಳೋದು 12 ಜನರ ಜ್ಯೂರಿ. ಹಣಕಾಸು, ಒಪ್ಪಂದದಂಥ ಸಿವಿಲ್ ವ್ಯಾಜ್ಯಗಳಿಗೆ ಕೌಂಟಿ ಕೋರ್ಟ್, ದೊಡ್ಡದಾದರೆ ಹೈಕೋರ್ಟ್. ಅದರ ಮೇಲೆ ಕೋರ್ಟ್ ಆಫ್ ಅಪೀಲ್, ತುದಿಯಲ್ಲಿ ಸುಪ್ರೀಂ ಕೋರ್ಟ್. ವೀಸಾ ತಕರಾರು, ಕೆಲಸದಿಂದ ತೆಗೆದ ತಕರಾರು ಇಂಥವಕ್ಕೆ ಬೇರೆ ಟ್ರಿಬ್ಯೂನಲ್‌ಗಳಿವೆ. ನಮ್ಮವರು ಅಲ್ಲಿಗೆ ಹೋಗಿ ತೊಂದರೆಗೆ ಸಿಕ್ಕರೆ ಮೊದಲು ಮುಟ್ಟೋದು ಇವನ್ನೇ. ಸ್ಕಾಟ್ಲೆಂಡಿನದು ಪೂರ್ತಿ ಬೇರೆ ಸಂಸಾರ. 1707ರಲ್ಲಿ ಎರಡು ದೇಶ ಒಂದಾದಾಗಲೂ ಅವರು ತಮ್ಮ ಕೋರ್ಟುಗಳನ್ನು ಬಿಟ್ಟುಕೊಡಲಿಲ್ಲ. ಅಲ್ಲಿ ಜ್ಯೂರಿಯಲ್ಲಿ 15 ಜನ, ಕ್ರಿಮಿನಲ್ ಕೇಸು ಸಾಮಾನ್ಯವಾಗಿ ಎಡಿನ್‌ಬರೋದಲ್ಲೇ ಕೊನೆಯಾಗುತ್ತೆ, ಲಂಡನ್ನಿಗೆ ಹೋಗಲ್ಲ.

ಸರಿ, ರಾಜ ಎಲ್ಲಿ ಹೊರಗಾದ? 1607ರಲ್ಲಿ. ಒಂದನೇ ಜೇಮ್ಸ್ ರಾಜ, "ನ್ಯಾಯ ನನ್ನ ಹೆಸರಲ್ಲೇ ನಡೀತಿದೆ, ಬುದ್ಧಿ ನನಗೂ ಇದೆ, ಕೇಸು ನಾನೇ ಯಾಕೆ ತೀರ್ಮಾನಿಸಬಾರದು?" ಅನ್ನೋ ಅರ್ಥದ ವಾದ ಹೂಡಿದ. ಮುಖ್ಯ ನ್ಯಾಯಾಧೀಶ ಎಡ್ವರ್ಡ್ ಕುಕ್ ಒಪ್ಪಲಿಲ್ಲ. ಪ್ರಭುಗಳಿಗೆ ಬುದ್ಧಿ ಇದೆ ನಿಜ, ಆದರೆ ಕಾನೂನಿಗೆ ಬೇಕಾದ್ದು ವರ್ಷಗಟ್ಟಲೆ ಓದಿ ಪಳಗಿದ ಬುದ್ಧಿ ಅಂದ. ಎದುರು ಕೂತವನು ತಲೆ ತೆಗೆಸಬಲ್ಲ ರಾಜ ಅನ್ನೋದು ನೆನಪಿರಲಿ. 1616ರಲ್ಲಿ ಕುಕ್‌ನ ಕೆಲಸ ಹೋಯ್ತು. ಮಾತು ಉಳೀತು.

ಕೆಲಸ ಹೋಗೋದನ್ನ ತಡೆಯೋಕೆ ಇನ್ನೂ 85 ವರ್ಷ ಬೇಕಾಯ್ತು. 1701ರ ಆಕ್ಟ್ ಆಫ್ ಸೆಟಲ್‌ಮೆಂಟ್ ಪ್ರಕಾರ ಜಡ್ಜು ಹುದ್ದೆಯಲ್ಲಿರೋದು ರಾಜನಿಗೆ ಇಷ್ಟ ಇರುವವರೆಗೆ ಅಲ್ಲ, ತನ್ನ ನಡತೆ ಸರಿ ಇರುವವರೆಗೆ. ಸಂಬಳ ನಿಗದಿ. ತೆಗೆಯಬೇಕಾದರೆ ಪಾರ್ಲಿಮೆಂಟಿನ ಎರಡೂ ಸದನ ಕೇಳಬೇಕು. ಹೀಗೆ ತೆಗೆಸಿಕೊಂಡವನು ಇವತ್ತಿನವರೆಗೂ ಒಬ್ಬನೇ: ಐರ್ಲೆಂಡಿನಲ್ಲಿ ಜಡ್ಜಾಗಿದ್ದ ಜೋನಾ ಬ್ಯಾರಿಂಗ್ಟನ್, 1830ರಲ್ಲಿ, ಕೋರ್ಟಿಗೆ ಕಟ್ಟಿದ ದುಡ್ಡು ತಿಂದಿದ್ದಕ್ಕೆ. ನಮ್ಮ ಸಂವಿಧಾನದ 124ನೇ ವಿಧಿಯಲ್ಲಿ ನ್ಯಾಯಮೂರ್ತಿಯನ್ನು ತೆಗೆಯೋಕೆ ಎರಡೂ ಸದನಗಳ ಒಪ್ಪಿಗೆ ಬೇಕು ಅಂತಿದೆಯಲ್ಲ, ಅದರ ಮೂಲ ಇಲ್ಲಿದೆ. ಭಯ ಪಕ್ಷಪಾತವಿಲ್ಲದೆ, ರಾಗದ್ವೇಷವಿಲ್ಲದೆ ಅನ್ನೋ ಪ್ರಮಾಣವಚನವೂ ಎರಡೂ ಕಡೆ ಒಂದೇ.

ನಮಗೂ ಈ ರಾಜನ ಕೋರ್ಟಿಗೂ ಇನ್ನೊಂದು ನಂಟಿದೆ. ಧಾರವಾಡ, ಬೆಳಗಾವಿ, ವಿಜಯಪುರದ ಜನಕ್ಕೆ ಆಗ ಹೈಕೋರ್ಟ್ ಅಂದ್ರೆ ಮುಂಬೈ. ಮಂಗಳೂರು, ಬಳ್ಳಾರಿಯವರಿಗೆ ಮದ್ರಾಸ್. ಕಲಬುರಗಿ, ಬೀದರ್, ರಾಯಚೂರಿನವರಿಗೆ ನಿಜಾಮರ ಹೈದರಾಬಾದ್. ಇವತ್ತು ನೀವು ಲ್ಯಾಪ್‌ಟಾಪ್ ಹಿಡಿದು ಓಡಾಡೋ ಊರುಗಳಿಗೇ ನಿಮ್ಮ ಮುತ್ತಜ್ಜ ಕಾಗದಪತ್ರದ ಗಂಟು ಹಿಡಿದು ಬಂದಿರಬಹುದು! ಮುಂಬೈ, ಮದ್ರಾಸಿನಲ್ಲೂ ಸೋತು, ಕೈಯಲ್ಲಿ ದುಡ್ಡಿದ್ದರೆ, ಲಂಡನ್ನಿನ ಪ್ರಿವಿ ಕೌನ್ಸಿಲ್. ದತ್ತು ಮಗನಿಗೆ ಹೊಲ ಸೇರಬೇಕಾ ಬೇಡ್ವಾ ಅನ್ನೋದು ಡೌನಿಂಗ್ ಸ್ಟ್ರೀಟಿನ ಒಂದು ಕೋಣೆಯಲ್ಲಿ ತೀರ್ಮಾನ ಆಗ್ತಿತ್ತು. ಅಲ್ಲಿ ಅವರು ಕೊಡ್ತಿದ್ದದ್ದು ತೀರ್ಪೂ ಅಲ್ಲ, ರಾಜನಿಗೆ ವಿನಮ್ರ ಸಲಹೆ! ಸಲಹೆಯನ್ನ ರಾಜ ಒಪ್ಪಿದ ಅಂತ ಆಜ್ಞೆ ಹೊರಡ್ತಿತ್ತು. 1949ರ ಅಕ್ಟೋಬರ್‌ನಲ್ಲಿ ನಾವು ಆ ದಾರಿ ಮುಚ್ಚಿದ್ವಿ. ಜಮೈಕಾ, ಬಹಾಮಾಸ್, ಅಷ್ಟೇ ಯಾಕೆ, ಗಣರಾಜ್ಯವಾದ ಮಾರಿಷಸ್‌ನ ಕೇಸುಗಳು ಕೂಡ ಈಗಲೂ ಅಲ್ಲಿಗೆ ಹೋಗ್ತವೆ.

ರಾಜ ಹೊರಗೆ ಹೋದ, ಸರಿ. ಆದರೆ ಮಂತ್ರಿ ಒಳಗೇ ಇದ್ದ, ಅದೂ ಮೊನ್ನೆ ಮೊನ್ನೆವರೆಗೆ. ಲಾರ್ಡ್ ಚಾನ್ಸಲರ್ ಅಂತ ಒಂದು ಹುದ್ದೆ. ಅವರು ಕ್ಯಾಬಿನೆಟ್ ಮಂತ್ರಿ, ಹೌಸ್ ಆಫ್ ಲಾರ್ಡ್ಸಿನ ಸಭಾಧ್ಯಕ್ಷ, ಮತ್ತೆ ನ್ಯಾಯಾಂಗದ ಮುಖ್ಯಸ್ಥ. ಮೂರೂ ಒಬ್ಬರೇ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ, ಕೋಡ್ ಬರೆದವರೇ ಟೆಸ್ಟ್ ಮಾಡಿ, ಅವರೇ ಅಪ್ರೂವ್ ಮಾಡಿ, ಪ್ರೊಡಕ್ಷನ್‌ಗೆ ಹಾಕಿದ ಹಾಗೆ. ಯಾವ ಆಡಿಟರ್ ಬಿಡ್ತಾನೆ? ದೇಶದ ಅತ್ಯುನ್ನತ ಕೋರ್ಟ್ ಕೂಡ ಬೇರೆ ಇರಲಿಲ್ಲ. ಹೌಸ್ ಆಫ್ ಲಾರ್ಡ್ಸಿನದೇ ಒಂದು ಸಮಿತಿ, ಅದರಲ್ಲಿ ಲಾ ಲಾರ್ಡ್‌ಗಳು.

2003ರ ಜೂನ್‌ನಲ್ಲಿ ಟೋನಿ ಬ್ಲೇರ್ ಸರ್ಕಾರ ಮಂತ್ರಿಮಂಡಲ ಬದಲಾಯಿಸುವಾಗ ಆ ಹುದ್ದೆಯನ್ನೇ ರದ್ದು ಮಾಡ್ತೀವಿ ಅಂತ ಪ್ರಕಟಿಸಿಬಿಡ್ತು. ಹತ್ತಾರು ಕಾನೂನುಗಳಲ್ಲಿ ಹೆಣೆದುಕೊಂಡ ನೂರಾರು ವರ್ಷದ ಹುದ್ದೆಯನ್ನ ಪ್ರೆಸ್ ನೋಟಿನಲ್ಲಿ ಕೀಳೋಕಾಗಲ್ಲ ಅಂತ ಆಮೇಲೆ ಹೊಳೀತು. ಕೊನೆಗೆ 2005ರ ಸಂವಿಧಾನ ಸುಧಾರಣಾ ಕಾಯ್ದೆ ಬಂತು. ಹುದ್ದೆ ಉಳೀತು, ಹಲ್ಲು ಹೋಯ್ತು. ಇಂಗ್ಲೆಂಡ್, ವೇಲ್ಸಿನ ನ್ಯಾಯಾಂಗದ ಮುಖ್ಯಸ್ಥರಾಗಿ ಚೀಫ್ ಜಸ್ಟಿಸ್ ಬಂದ್ರು. 2009ರ ಅಕ್ಟೋಬರ್ 1ಕ್ಕೆ 12 ನ್ಯಾಯಮೂರ್ತಿಗಳ ಸುಪ್ರೀಂ ಕೋರ್ಟ್ ಶುರುವಾಯ್ತು, ಪಾರ್ಲಿಮೆಂಟಿನ ಎದುರಿನ ಕಟ್ಟಡದಲ್ಲಿ. ವಿಚಾರಣೆಗೆ ಕೂರುವಾಗ ಅವರು ವಿಗ್ ಹಾಕಲ್ಲ, ಗೌನ್ ಹಾಕಲ್ಲ, ಎತ್ತರದ ಪೀಠವೂ ಇಲ್ಲ. ವಕೀಲರ ಮಟ್ಟದಲ್ಲೇ ಬಾಗಿದ ಮೇಜಿನ ಹಿಂದೆ ಕೂರ್ತಾರೆ.

ಇನ್ನು ನೇಮಕ. ಇಂಗ್ಲೆಂಡಿನಲ್ಲಿ 2006ರಿಂದ 15 ಜನರ ಆಯೋಗ ಇದೆ, ಅದರ ಅಧ್ಯಕ್ಷರು ವಕೀಲರೋ ಜಡ್ಜೋ ಆಗಿರಬಾರದು. ಹುದ್ದೆಗೆ ಅರ್ಜಿ ಹಾಕಬೇಕು, ಸಂದರ್ಶನ ಇರುತ್ತೆ. ಆಯೋಗ ಕಳಿಸೋದು ಒಂದೇ ಹೆಸರು. ಸರ್ಕಾರ ಬೇಡ ಅನ್ನಬಹುದು, ಮತ್ತೆ ಯೋಚಿಸಿ ಅನ್ನಬಹುದು, ಆದರೆ ತನಗೆ ಬೇಕಾದವರ ಹೆಸರು ತುರುಕೋಕಾಗಲ್ಲ. ನಮ್ಮಲ್ಲೂ ಆಯೋಗ ತಂದ್ರು, 99ನೇ ತಿದ್ದುಪಡಿ ಮಾಡಿ. 2015ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ 4–1ರಲ್ಲಿ ಹೊಡೆದುಹಾಕ್ತು, ಕೊಲಿಜಿಯಂ ಮುಂದುವರೀತು. ನನ್ನ ಅಭಿಪ್ರಾಯ ಕೇಳಿದ್ರೆ, ಅರ್ಜಿ ಹಾಕಿ ಸಂದರ್ಶನ ಕೊಟ್ಟು ಜಡ್ಜ್ ಆಗೋದರಲ್ಲಿ ಒಂದು ಮರ್ಯಾದೆ ಇದೆ. ಯಾರನ್ನ ಯಾಕೆ ಆರಿಸಿದ್ರು ಅನ್ನೋದಕ್ಕೆ ಕಾಗದದ ಮೇಲೆ ಉತ್ತರ ಇರುತ್ತೆ.

ಆದರೆ ಹೊಸ ಏರ್ಪಾಟಿನಲ್ಲಿ ಒಂದು ಜಾಗ ಖಾಲಿ ಬಿತ್ತು. 2016ರ ನವೆಂಬರ್‌ನಲ್ಲಿ ಮೂವರು ಜಡ್ಜುಗಳು, ಬ್ರೆಕ್ಸಿಟ್ ಪ್ರಕ್ರಿಯೆ ಶುರು ಮಾಡೋಕೆ ಪಾರ್ಲಿಮೆಂಟಿನ ಒಪ್ಪಿಗೆ ಬೇಕು ಅಂತ ತೀರ್ಪು ಕೊಟ್ರು. ಮರುದಿನ ಡೇಲಿ ಮೇಲ್ ಪತ್ರಿಕೆ ಮೂವರ ಫೋಟೋ ಹಾಕಿ 'ಜನರ ಶತ್ರುಗಳು' ಅಂತ ಮುಖಪುಟ ತುಂಬ ಬರೀತು. ಹಳೇ ಲಾರ್ಡ್ ಚಾನ್ಸಲರ್ ಆಗಿದ್ದರೆ ಮಂತ್ರಿಮಂಡಲದ ಒಳಗೇ ಜಡ್ಜುಗಳ ಪರ ಮಾತಾಡೋ ಹಿರಿಯ ಒಬ್ಬರು ಇರ್ತಿದ್ರು. ಆಗ ಆ ಹುದ್ದೆಯಲ್ಲಿದ್ದ ಲಿಜ್ ಟ್ರಸ್ ಬಾಯಿಬಿಡೋಕೆ ತಡ ಮಾಡಿದ್ರು, ಬಿಟ್ಟಾಗಲೂ ಪತ್ರಿಕೆಯನ್ನು ಖಂಡಿಸಲಿಲ್ಲ. ಜಡ್ಜುಗಳ ರಕ್ಷಣೆ ಅವರ ಹುದ್ದೆಯ ಶಾಸನಬದ್ಧ ಕರ್ತವ್ಯ. ಚೀಫ್ ಜಸ್ಟಿಸ್ ಆಮೇಲೆ ಸಂಸತ್ ಸಮಿತಿ ಮುಂದೆ ಇದನ್ನ ನೇರವಾಗೇ ಹೇಳಿದ್ರು. ಗೋಡೆ ಕಟ್ಟಿದಾಗ ಕಳ್ಳನೂ ಬರಲ್ಲ, ನೆಂಟನೂ ಬರಲ್ಲ.

ಮೂರು ವರ್ಷದ ನಂತರ ಬೋರಿಸ್ ಜಾನ್ಸನ್ ರಾಣಿಗೆ ಸಲಹೆ ಕೊಟ್ಟು ಪಾರ್ಲಿಮೆಂಟನ್ನ ಐದು ವಾರ ಮುಂದೂಡಿಸಿದ್ರು. ಲಂಡನ್ನಿನ ಹೈಕೋರ್ಟ್ ಇದು ನಮ್ಮ ವ್ಯಾಪ್ತಿಗೆ ಬರಲ್ಲ ಅಂತು, ಎಡಿನ್‌ಬರೋ ಕೋರ್ಟ್ ಕಾನೂನುಬಾಹಿರ ಅಂತು. 2019ರ ಸೆಪ್ಟೆಂಬರ್ 24ರಂದು ಸುಪ್ರೀಂ ಕೋರ್ಟಿನ 11 ಜನ ಒಮ್ಮತದಿಂದ ಎಡಿನ್‌ಬರೋ ಕಡೆ ನಿಂತ್ರು. ತೀರ್ಪು ಓದಿದ ಲೇಡಿ ಹೇಲ್ ಹಾಕಿದ್ದ ಜೇಡದ ಬ್ರೋಚ್ ಎಲ್ಲರಿಗೂ ನೆನಪಿದೆ, ತೀರ್ಪು ಕೆಲವರಿಗೆ ಮಾತ್ರ. ರಾಣಿಯ ಹೆಸರಲ್ಲಿ ಹೊರಟ ಆಜ್ಞೆಯನ್ನ ರಾಣಿಯ ಹೆಸರಿನ ಕೋರ್ಟು ಖಾಲಿ ಹಾಳೆಗೆ ಸಮ ಅಂತು. ರಾಣಿ ಮೇಲೆ ಒಂದಕ್ಷರ ಆಕ್ಷೇಪ ಇಲ್ಲ. ತಪ್ಪೆಲ್ಲ ಸಲಹೆ ಕೊಟ್ಟ ಪ್ರಧಾನಿಯದು. ಸಾಂವಿಧಾನಿಕ ರಾಜಪ್ರಭುತ್ವ ಅನ್ನೋ ಉದ್ದದ ಪದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ.

ಆದರೂ ಆ ಕೋರ್ಟಿಗೆ ಒಂದು ಮಿತಿ ಇದೆ, ನಮ್ಮ ಸುಪ್ರೀಂ ಕೋರ್ಟಿಗೆ ಇಲ್ಲದ್ದು. ಮಂತ್ರಿಯನ್ನ ತಡೀಬಹುದು, ಪಾರ್ಲಿಮೆಂಟ್ ಮಾಡಿದ ಕಾನೂನನ್ನ ರದ್ದು ಮಾಡೋಕಾಗಲ್ಲ. ನಮ್ಮಲ್ಲಿ ಸಂಸತ್ತಿಗೂ ಮುಟ್ಟೋಕಾಗದ ಮೂಲ ಸ್ವರೂಪ ಸಂವಿಧಾನಕ್ಕಿದೆ ಅಂತ ತೀರ್ಮಾನ ಆಗಿದ್ದು 1973ರಲ್ಲಿ, 13 ಜನರ ಪೀಠದಲ್ಲಿ 7–6ರಿಂದ. ಆ ಕೇಸು ಹಾಕಿದವರು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳು, ನಮ್ಮ ಕನ್ನಡದವರೇ.

ಅಲ್ಲಿ ಅಂಥ ಬೇಲಿ ಇಲ್ಲ. ಆಶ್ರಯ ಕೇಳಿ ಬಂದವರನ್ನ ರುವಾಂಡಾಕ್ಕೆ ಕಳಿಸ್ತೀವಿ ಅಂತ ಸರ್ಕಾರ ಹೊರಟಾಗ, ಆ ದೇಶ ಅವರಿಗೆ ಸುರಕ್ಷಿತವಲ್ಲ ಅಂತ 2023ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಐವರೂ ಒಮ್ಮತದಿಂದ ಹೇಳಿದ್ರು. 2024ರ ಏಪ್ರಿಲ್‌ನಲ್ಲಿ ಪಾರ್ಲಿಮೆಂಟ್ ಕಾನೂನು ಮಾಡ್ತು: ರುವಾಂಡಾ ಸುರಕ್ಷಿತ ದೇಶ, ಕೋರ್ಟುಗಳು ಹಾಗೇ ಪರಿಗಣಿಸಬೇಕು. ಕೋರ್ಟು ಸಾಕ್ಷಿ ನೋಡಿ ಕಂಡುಕೊಂಡ ಒಂದು ಸಂಗತಿಯನ್ನೇ ಕಾಯ್ದೆ ತಿರುಗಿಸಿಬಿಡ್ತು. ರಾಜ ಸಹಿ ಹಾಕಿದ್ರು. ಬೇರೆ ದಾರಿ ಅವರಿಗಿರಲಿಲ್ಲ. ಜಡ್ಜುಗಳು ಅದನ್ನ ನುಂಗ್ತಿದ್ರಾ ಅನ್ನೋ ಪ್ರಶ್ನೆ ಸುಪ್ರೀಂ ಕೋರ್ಟಿನ ಆ ಬಾಗಿದ ಮೇಜಿಗೆ ಬರುವ ಮೊದಲೇ ಜುಲೈನಲ್ಲಿ ಚುನಾವಣೆ ಆಯ್ತು, ಹೊಸ ಸರ್ಕಾರ ಆ ಯೋಜನೆಯನ್ನೇ ಕೈಬಿಡ್ತು.

ಪ್ರಶ್ನೆಗಳಿದ್ರೆ ಈಗ ತಗೊಳ್ಳೋಣ.